ಅತ್ತೆಯ ಎಂಜಿನ್ನುಗಳು ಮತ್ತು ನನ್ನ ಜಾತಕ

ನನ್ನ ಸೋದರತ್ತೆಗೆ ಕಂಪನಿಯವರು ಸಂಬಳ ಕೊಡುವುದು ಅನುಮಾನ ಪಡುವುದಕ್ಕೆ. ನಗಬೇಡಿ, ನಿಜವಾಗಿಯೂ! ಸೊಸೆಯ ಮೇಲೆ, ನೆರೆಮನೆಯವರ ಮೇಲೆ, ಹಾಲಿನವನ ಮೇಲೆ ಪುಕ್ಕಟೆಯಾಗಿ ಅನುಮಾನ ಪಡುವ ಹೆಂಗಸರು ಬೇಕಾದಷ್ಟಿದ್ದಾರೆ. ನಮ್ಮ ಅತ್ತೆ ಅದನ್ನೇ ಉದ್ಯೋಗ ಮಾಡಿಕೊಂಡವಳು. ಶಿರಸಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬೆಳಗಿನಿಂದ ಸಂಜೆಯವರೆಗೆ ಅನುಮಾನ ಪಡುತ್ತಾಳೆ. ತಿಂಗಳಾದರೆ ಸಂಬಳ ಬರುತ್ತದೆ.

ಅವಳು ಪರೀಕ್ಷೆ ಮಾಡುವುದು ರೆಜೆಕ್ಸ್ ಎಂಜಿನ್ನುಗಳನ್ನು. ಹಾಗೆಂದರೇನು? ನನಗೆ ತಿಳಿದಷ್ಟು ಹೇಳುತ್ತೇನೆ. ‘ಇಂಥ ಮಾದರಿಯ ಮಾತು ಈ ಬರಹದಲ್ಲಿ ಎಲ್ಲಿದೆ ಹುಡುಕು’ ಎಂದು ಕಂಪ್ಯೂಟರಿಗೆ ಚಿಹ್ನೆಗಳಲ್ಲಿ ಬರೆದುಕೊಡುವುದು ರೆಜೆಕ್ಸ್. ಅದನ್ನು ಓದಿಕೊಂಡು ಹುಡುಕಿ ‘ಹೊಂದಿತು’ ಅಥವಾ ‘ಹೊಂದಲಿಲ್ಲ’ ಎಂದು ತೀರ್ಪು ಕೊಡುವ ತಂತ್ರಾಂಶ ಎಂಜಿನ್. ಲೋಕದಲ್ಲಿ ಒಬ್ಬೊಬ್ಬರು ಒಂದೊಂದು ಎಂಜಿನ್ ಮಾಡಿಟ್ಟಿದ್ದಾರೆ. ಒಂದೇ ಮಾದರಿ, ಒಂದೇ ಬರಹ ಕೊಟ್ಟರೆ ಎಲ್ಲವೂ ಒಂದೇ ಉತ್ತರ ಕೊಡಬೇಕು ಎಂಬುದು ಅತ್ತೆಯ ಹಟ. ಕೊಡುವುದಿಲ್ಲ ಎಂಬುದು ಅವಳ ಹೊಟ್ಟೆಪಾಡು!

‘ಎಂಜಿನ್ ಟೆಸ್ಟ್ ಮಾಡ್ತಾರಂತೆ’ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿದಾಗ ಮೊದಲು ಬಂದವರು ಎದುರುಮನೆಯ ಟೆಂಪೋ ಸಾಹೇಬರು. ಅವರ ಗಾಡಿ ಯಲ್ಲಾಪುರ ಘಟ್ಟದಲ್ಲಿ ಏದುಸಿರು ಬಿಡುತ್ತಿತ್ತಂತೆ.

“ಅಕ್ಕಾ, ನಮ್ಮ ಗಾಡಿ ಎಂಜಿನ್ನೂ ಸ್ವಲ್ಪ ನೋಡಿ ಕೊಡಿ.”

ಬೇರೆ ಯಾರಾದರೂ ನಕ್ಕು ಕಳಿಸುತ್ತಿದ್ದರು. ಅತ್ತೆ ಗಂಭೀರವಾಗಿ ಕೇಳಿದಳು, “ಕೀಲಿ ತಿರುಗಿಸಿದಾಗೆಲ್ಲ ಒಂದೇ ಥರ ಶಬ್ದ ಮಾಡ್ತದಾ?”

“ಇಲ್ಲಕ್ಕ, ಒಂದೊಂದು ಸಲ ಒಂದೊಂದು ಥರ.”

“ಹಾಗಾದ್ರೆ ತೊಂದರೆ ಇದೆ. ಗ್ಯಾರೇಜಿಗೆ ಒಯ್ಯಿರಿ.”

ಸಾಹೇಬರು ಒಯ್ದರು. ತೊಂದರೆ ಇತ್ತು! ಅಂದಿನಿಂದ ಅವರ ದೃಷ್ಟಿಯಲ್ಲಿ ಅತ್ತೆಯಷ್ಟು ದೊಡ್ಡ ಮೆಕ್ಯಾನಿಕ್ ಶಿರಸಿಯಲ್ಲಿ ಇನ್ನೊಬ್ಬರಿಲ್ಲ.

ಒಂದು ಮಧ್ಯಾಹ್ನ ಅತ್ತೆ ಮಹಡಿಯಿಂದ ಧಡಧಡ ಇಳಿದು ಬಂದಳು. ಮುಖ ಕೆಂಪಾಗಿತ್ತು. ಅಪ್ಪ, ಅಂದರೆ ಅವಳ ಅಣ್ಣ, ಆಗಷ್ಟೇ ಊಟಕ್ಕೆ ಕೂತಿದ್ದ. ನಮ್ಮ ಮನೆಮಾತಿನಲ್ಲಿ ‘ಹೇಳಿ’ ಅಂದರೆ ‘ಎಂದು’, ‘ಅಡ’ ಅಂದರೆ ‘ಅಂತೆ’.

“ಅಣ್ಣ, ಒಂದು ಎಂಜಿನ್ನಿಗೆ ಕನ್ನಡದಲ್ಲಿ ಬರೆದದ್ದು ಕೊಟ್ಟು, ಪದ ಪದ ಬಿಡಿಸು ಹೇಳಿ ಹೇಳ್ದೆ. ಅದಕ್ಕೆ ಕ, ಖ, ಗ ಮಾತ್ರ ಅಕ್ಷರ ಅಡ. ಗುಡಿಸು, ಕೊಂಬು, ದೀರ್ಘ ಯಾವುದೂ ಅಕ್ಷರ ಅಲ್ಲಡ. ಗುಡಿಸು ಕಂಡಲ್ಲೆಲ್ಲ ಕತ್ತರಿಸ್ತಾ ಇದ್ದು. ಶಿರಸಿ ಹೇಳಿ ಕೊಟ್ರೆ ಶ ಒಂದು, ರಸ ಒಂದು ಮಾಡಿ ಕೊಡ್ತು.”

“ಸಿದ್ದಾಪುರದ ಗತಿ ಎಂತಾತು?” ಎಂದ ಅಪ್ಪ.

“ಸ, ದ, ದ, ಪ, ರ. ಚೂರು ಚೂರು.”

ಅಮ್ಮ ಬಡಿಸುತ್ತಿದ್ದವಳು ತಣ್ಣಗೆ ಹೇಳಿದಳು, “ನಮ್ಮೂರಲ್ಲಿ ರಸ ಆದ್ರೂ ಉಳತ್ತಲೆ. ಕೂತ್ಕ, ಊಟ ಮಾಡು.”

ಕೂತಳೇ? ಇಲ್ಲ. ಆ ಎಂಜಿನ್ ಮಾಡಿದವರಿಗೆ ಪತ್ರ ಬರೆದ ಮೇಲೇ ಊಟ. ‘ಇದು ದೋಷವಲ್ಲ, ಮೊದಲಿನಿಂದಲೂ ಹೀಗೇ ಇದೆ’ ಎಂದು ಅವರ ಉತ್ತರ ಬಂತು. “ಮೊದಲಿಂದ ತಪ್ಪು ಹೇಳಿ ಅವ್ರೇ ಒಪ್ಕಂಡಂಗಾತು” ಎಂದು ನಮಗೆ ಹೇಳಿ ಅತ್ತೆ ಮತ್ತೆ ಬರೆದಳು. ಅವರು ಮತ್ತೆ ಅದನ್ನೇ ಹೇಳಿದರು. ಇವಳು ಮತ್ತೆ ಬರೆದಳು. ಈಗಲೂ ಬರೆಯುತ್ತಿದ್ದಾಳೆ. ಸುಸ್ತಾಗುವುದು ಅವರಿಗೇ ಎಂದು ನನಗೆ ಗ್ಯಾರಂಟಿ ಇದೆ.

ಕಂಪ್ಯೂಟರ್ ಮುಚ್ಚಿದ ಮೇಲಾದರೂ ಮನುಷ್ಯಳು ಸುಮ್ಮನಿರಬೇಕಲ್ಲ! ಒಮ್ಮೆ ಅವಳ ಜೊತೆ ಯಲ್ಲಾಪುರಕ್ಕೆ ಹೊರಟು ಬಸ್‌ಸ್ಟ್ಯಾಂಡಿಗೆ ಹೋದೆ. ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಣೆಯ ಕಿಟಕಿಯಲ್ಲಿ ಕೇಳಿದಳು. ಹೇಳಿದರು. ಸಾಲದೆ? ಅದನ್ನೇ ಒಬ್ಬ ಕಂಡಕ್ಟರಿಗೆ ಕೇಳಿದಳು. ಕ್ಯಾಂಟೀನಿನವರಿಗೆ ಕೇಳಿದಳು. ಬಾಳೆಹಣ್ಣು ತಿನ್ನುತ್ತ ಕೂತಿದ್ದ ಒಬ್ಬ ಅಜ್ಜನಿಗೂ ಕೇಳಿದಳು. ಒಬ್ಬೊಬ್ಬರದು ಒಂದೊಂದು ಹೊತ್ತು. ಅಜ್ಜ ತನ್ನ ಉತ್ತರಕ್ಕೆ ಕಾರಣಗಳನ್ನು ವಿವರಿಸುತ್ತಿರುವಾಗಲೇ ಬಸ್ಸು ಬಂದು, ಅಷ್ಟೇ ಚುರುಕಾಗಿ ಹೊರಟೂ ಹೋಯಿತು.

“ಅತ್ತೆ, ಬಸ್ಸು ಹೋತು” ಎಂದೆ ಅಳುವ ದನಿಯಲ್ಲಿ.

“ಹೋಗ್ಲಿ. ಕಂಡಕ್ಟರ್ ಹೇಳಿದ್ದೇ ಸರಿ ಹೇಳಿ ಗೊತ್ತಾತಲ್ದಾ” ಎಂದಳು. ಅವಳ ಮುಖದಲ್ಲಿದ್ದ ಸಮಾಧಾನ ನೋಡಿದರೆ ನಾವು ಯಲ್ಲಾಪುರಕ್ಕೆ ಹೋಗಿ ಬಂದೇ ಆಗಿದೆ ಅನ್ನಬೇಕು.

ಇಂಥವಳ ಕೈಗೆ ನನ್ನ ಮದುವೆ ಸಿಕ್ಕಿತು!

ಹುಡುಗ ಎಕ್ಕಂಬಿಯವನು. ಪಂಪು, ಕಳೆ ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟವನು. ನಾನು ಪಾಠ ಹೇಳುವ ಶಾಲೆಯ ಪಂಪು ಸರಿಮಾಡಲು ಬಂದ. ಪಂಪು ಸರಿಯಾದ ಮೇಲೂ ಅದನ್ನು ನೋಡಿಕೊಂಡು ಹೋಗಲು ಬರುತ್ತಿದ್ದ. ಅಷ್ಟು ಆರೋಗ್ಯವಂತ ಪಂಪು ತಾಲೂಕಿನಲ್ಲಿ ಇನ್ನೊಂದಿರಲಿಲ್ಲ. ಎರಡೂ ಮನೆಯವರು ಒಪ್ಪಿ ಜಾತಕ ಕೂಡಿಸಲು ಹೊರಟರು. ನಮ್ಮ ಕಡೆ ಜಾತಕ ಕೂಡಿ ಬಂದರೆ ‘ಆಗ್ತು’, ಬರದಿದ್ದರೆ ‘ಆಗ್ತಿಲ್ಲೆ’. ಅಷ್ಟೇ, ಎರಡೇ ಉತ್ತರ. ಅಪ್ಪ ಶಿರಸಿಯ ಹಿರಿಯ ಜೋಯಿಸರಲ್ಲಿಗೆ ಹೋಗಿ ಬಂದು ಟೋಪಿ ತೆಗೆದು ಗೂಟಕ್ಕೆ ಹಾಕಿದ.

“ಇಬ್ರದ್ದೂ ಒಂದೇ ನಾಡಿ. ಆಗ್ತಿಲ್ಲೆ.”

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನನಗೆ ಅವನೇ ಬೇಕಿತ್ತು. ನಮ್ಮ ಮನೆಯಲ್ಲಿ ಜೋಯಿಸರ ಮಾತಿನ ಮೇಲೆ ಮಾತಿಲ್ಲ ಎಂಬುದೂ ಗೊತ್ತಿತ್ತು. ಹೊರಗೆ ಅತ್ತೆಯ ದನಿ ಕೇಳಿಸಿತು.

“ಒಂದೇ ಎಂಜಿನ್ನಲ್ಲಿ ನೋಡಿ ಫೇಲು ಹೇಳಿ ಬರೀಲಾಗ, ಅಣ್ಣ.”

“ಇದು ನಿನ್ನ ಕಂಪ್ಯೂಟರ್ ಅಲ್ಲ.”

“ಕೇಳದು ಅದೇ ಪ್ರಶ್ನೆಯಲ್ದಾ? ಹೊಂದ್ತಾ, ಇಲ್ಯಾ?”

ಮರುದಿನ ರಜೆ ಹಾಕಿ, ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು. ಮೊದಲು ಕಾನಸೂರಿನ ಜೋಯಿಸರು. ಅವರು ಎರಡೂ ಜಾತಕ ನೋಡಿ, ಬೆರಳು ಮಡಚಿ, “ಚೊಲೋ ಆಗ್ತು. ಎಂತಕ್ಕೆ ಅನುಮಾನ?” ಎಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಖುಷಿ. ಅತ್ತೆ ಮಾತ್ರ “ಒಂದು ಹೌದು, ಒಂದು ಇಲ್ಲ. ಈಗ ಶುರುವಾತು ಕೆಲಸ” ಎಂದು ಸ್ಕೂಟರ್ ತಿರುಗಿಸಿದಳು.

ಯಲ್ಲಾಪುರದ ಜೋಯಿಸರನ್ನು ಅವಳು ಮೊದಲು ಪರೀಕ್ಷೆಗೆ ಹಚ್ಚಿದಳು. ಉತ್ತರ ಗೊತ್ತಿರುವ ಪ್ರಶ್ನೆಯಿಂದ ಆರಂಭಿಸಬೇಕು ಎಂಬುದು ಅವಳ ಕಸುಬಿನ ನಿಯಮವಂತೆ. ಹಾಗಾಗಿ ಹೆಸರು ಹೇಳದೆ ನನ್ನ ಅಪ್ಪ ಅಮ್ಮನ ಜಾತಕ ಮುಂದಿಟ್ಟಳು. ಅವರು ಬಹಳ ಹೊತ್ತು ನೋಡಿ ತಲೆ ಅಲ್ಲಾಡಿಸಿದರು.

“ಇದು ಬ್ಯಾಡ. ಗಂಡಿಗೆ ಮೂಗಿನ ಮೇಲೆ ಸಿಟ್ಟು. ಹೆಣ್ಣಿಗೆ ಜೀವನ ಪೂರ್ತಿ ತಾಳ್ಮೆ ಬೇಕಾಗ್ತು.”

ಸಂಜೆ ಇದನ್ನು ಕೇಳಿ ಅಪ್ಪ ಸಿಟ್ಟಿನಿಂದ ಎದ್ದು ಹೋದ. ಅಮ್ಮ, “ಆ ಜೋಯಿಸರು ಭಾರೀ ವಿದ್ವಾಂಸರು” ಎಂದಳು.

ಅದಿರಲಿ. ನನ್ನ ಜಾತಕ ಕೊಟ್ಟಾಗ ಯಲ್ಲಾಪುರದವರು ಆಗ್ತು ಅಂತಲೂ ಹೇಳಲಿಲ್ಲ, ಆಗ್ತಿಲ್ಲೆ ಅಂತಲೂ ಹೇಳಲಿಲ್ಲ. “ಯಾವ ಪಂಚಾಂಗ ಹಿಡೀಲಿ?” ಎಂದು ಕೇಳಿದರು. ಅತ್ತೆ ಕೂತಲ್ಲಿಂದ ಎದ್ದೇಬಿಟ್ಟಳು. ಸಂಗತಿ ಇಷ್ಟೇ: ನಾನು ಹುಟ್ಟಿದ ಗಳಿಗೆಯಲ್ಲಿ ಒಂದು ಪಂಚಾಂಗದ ಪ್ರಕಾರ ರೋಹಿಣಿ ಇನ್ನೂ ಮುಗಿದಿರಲಿಲ್ಲ, ಇನ್ನೊಂದರ ಪ್ರಕಾರ ಮೃಗಶಿರ ಶುರುವಾಗಿತ್ತು. ರೋಹಿಣಿಯಾದರೆ ನಾಡಿ ಒಂದೇ, ಮೃಗಶಿರವಾದರೆ ಬೇರೆ. ಶಿರಸಿಯವರು ಹಿಡಿದದ್ದು ಒಂದು ಪಂಚಾಂಗ, ಕಾನಸೂರಿನವರು ಹಿಡಿದದ್ದು ಇನ್ನೊಂದು.

“ಎಂಜಿನ್ ಎರಡೂ ಸರಿ ಇದ್ದು, ಕೂಸೆ. ಅವಕ್ಕೆ ಸಿಕ್ಕ ನಕ್ಷತ್ರವೇ ಎರಡು” ಎಂದಳು ದಾರಿಯುದ್ದಕ್ಕೂ. ಗಾಳಿಗೆ ಅರ್ಧ ಮಾತು ಹಾರಿ ಹೋಗುತ್ತಿತ್ತು, ಅವಳು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು.

ಮರುದಿನ ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಶಿರಸಿಯ ಜೋಯಿಸರ ಜಗುಲಿಯಲ್ಲಿ ಕೂತಳು. “ನಿಂಗಳ ಲೆಕ್ಕ ತಪ್ಪು ಹೇಳಿ ಹೇಳ್ತಿಲ್ಲೆ” ಎಂದು ಶುರುಮಾಡಿ, ಎರಡೂ ಪಂಚಾಂಗದ ವಿಷಯವನ್ನು ವಿನಯದಿಂದ ಮುಂದಿಟ್ಟಳು. ಜೋಯಿಸರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಅಪ್ಪ ಉಸಿರು ಬಿಗಿಹಿಡಿದು ಕೂತಿದ್ದ. ನಾನಂತೂ ಕೂತ ಚಾಪೆಯ ಕಡ್ಡಿಗಳನ್ನು ಒಂದೊಂದೇ ಕಿತ್ತು ಹಾಕುತ್ತಿದ್ದೆ.

“ಹೌದು, ಇದು ಗಡಿಯಲ್ಲಿ ಹುಟ್ಟಿದ್ದು. ಎರಡೂ ಶಾಸ್ತ್ರವೇ, ಯಾವುದನ್ನೂ ಸುಳ್ಳು ಹೇಳಲೆ ಬತ್ತಿಲ್ಲೆ” ಎಂದು ಜೋಯಿಸರು ನನ್ನ ಕಡೆ ತಿರುಗಿದರು. “ನಿಂಗೆ ಯಾವ ನಕ್ಷತ್ರ ಬೇಕೇ, ತಂಗಿ?”

“ಮೃಗಶಿರ” ಎಂದೆ, ನಾಚಿಕೆ ಬಿಟ್ಟು. ಅಪ್ಪನಿಗೆ ಕೆಮ್ಮು ಬಂತು.

ಮದುವೆ ಗಟ್ಟಿಯಾಯಿತು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಮನೆ ತುಂಬ ನೆಂಟರು. ಅತ್ತೆ ನನ್ನನ್ನು ತನ್ನ ಮಹಡಿ ಕೋಣೆಗೆ ಕರೆದೊಯ್ದು ತಲೆ ಬಾಚಲು ಕೂತಳು. ಅವಳಿಗೆ ಮದುವೆಯಾಗಿಲ್ಲ. ಕೆಲಸದ ಹುಚ್ಚಿಗೆ ಬೇಡ ಅಂದಿರಬೇಕು ಎಂದು ಊರೆಲ್ಲ ಅಂದುಕೊಂಡಿತ್ತು, ನಾನೂ ಹಾಗೇ ಅಂದುಕೊಂಡಿದ್ದೆ.

“ಅತ್ತೆ, ನಿಂಗೆ ಜಾತಕದ ಮೇಲೆ ನಂಬಿಕೆಯೇ ಇಲ್ಲೆ. ಮತ್ತೆಂತಕ್ಕೆ ಅಷ್ಟು ಒದ್ದಾಡ್ದೆ?”

ಅತ್ತೆ ಬಾಚಣಿಗೆಗೆ ಸಿಕ್ಕ ಕೂದಲನ್ನು ಬಿಡಿಸಿ ಬೆರಳಿಗೆ ಸುತ್ತಿದಳು.

“ಎನ್ನ ಮದುವೆ ಮಾತು ಬಂದಾಗ ಜಾತಕ ಒಬ್ರೇ ಜೋಯಿಸರು ನೋಡಿದ್ದು” ಎಂದಳು. “ಆಗ್ತಿಲ್ಲೆ ಹೇಳಿದ್ರು. ಆತು ಹೇಳಿ ಎಲ್ಲ ಎದ್ದು ಊಟಕ್ಕೆ ಹೋದ್ರು. ಇನ್ನೊಬ್ರ ಹತ್ರ ಕೇಳ್ವ ಹೇಳಿ ಯಾರಿಗೂ ಹೊಳೆದಿದ್ದಿಲ್ಲೆ. ಎನಗೂ ಹೊಳೆದಿದ್ದಿಲ್ಲೆ.”

ಅವಳನ್ನು ಇಷ್ಟು ವರ್ಷ ಬರೀ ತಮಾಷೆಯಾಗಿ ನೋಡಿದ್ದೆನಲ್ಲ ಎಂದು ಸಂಕಟವಾಯಿತು. ಆದರೂ ಕೇಳದೆ ಇರಲಾಗಲಿಲ್ಲ. “ಆಮೇಲೆ ನೀನೇ ಎಲ್ಲಾದ್ರೂ ತೋರಿಸಿದ್ಯಾ? ಕಾನಸೂರಿಗೆ ಹೋದಾಗ ಒಂದು ಮಾತು ಕೇಳಬಹುದಿತ್ತಲೆ.”

“ಇಲ್ಲೆ” ಎಂದಳು ಅತ್ತೆ. ಜಡೆ ಹೆಣೆಯತೊಡಗಿದಳು.

“ಈಗ ಆಗ್ತು ಹೇಳಿ ಬಂದುಬಿಟ್ರೆ ಎಂತ ಮಾಡದು, ಕೂಸೆ?”