ಡ್ರಿಲ್ ಮೇಷ್ಟ್ರು ಚಂದ್ರಮೌಳಯ್ಯನವರು ಕರಿಪೆಟ್ಟಿಗೆಯ ಮೇಲೆ ದಂಡೆತ್ತಿದ ಪ್ರಸಂಗ

ಸ್ವಸ್ತಿ. ಗಗನದಿಂದ ಬಿದ್ದ ಬಿಂಬಗಳನ್ನು ಬಿದ್ದ ಹಾಗೆಯೇ ಹಿಡಿದು ಮನೆಮನೆಯ ಮೂಲೆಯಲ್ಲಿ ಮೆರೆಸುತ್ತಿದ್ದ ಅನಲಾಗೆಂಬ ಪೂರ್ವಯುಗವು ಕಡೆಯುಸಿರೆಳೆಯುತ್ತಿದ್ದ ಕಾಲದಲ್ಲಿ, ಪರದೆಯ ಮೇಲಿನ ಕಥಾನಾಯಕನ ಮುಖಕ್ಕೆ ಎರಡು ನೆರಳೂ ಮೂರು ಮೂಗೂ ಮೂಡಿದರೂ "ಇವತ್ತು ಪರವಾಗಿಲ್ಲ, ಚೆನ್ನಾಗೇ ಬರ್ತೈತೆ" ಎಂದು ಹರ್ಷಿಸುತ್ತಿದ್ದ ಸಂತುಷ್ಟ ಪ್ರಜೆಗಳ ಆ ಸುಭಿಕ್ಷಕಾಲವು ಮುಗಿದು, ಬಂದರೆ ಕನ್ನಡಿಯಂತೆ ಬರುವ, ಬಾರದಿದ್ದರೆ ಸುತರಾಂ ಬಾರದಿರುವ ಡಿಜಿಟಲ್ಲೆಂಬ ನಿಷ್ಠುರಯುಗವು ಕಂಬದಿಂದ ಕಂಬಕ್ಕೆ ತೆವಳುತ್ತ ತಿಪಟೂರು ಪಟ್ಟಣವನ್ನು ಹೊಕ್ಕ ಸಂಧಿಕಾಲದಲ್ಲಿ, ಆ ಪಟ್ಟಣದ ಒಂದು ಅಡ್ಡರಸ್ತೆಯಲ್ಲಿ ಒಬ್ಬ ವೀರನಿದ್ದನು. ಎಲೈ ವಾಗ್ದೇವಿಯೇ, ನಿನ್ನ ವೀಣೆಯ ತಂತಿಗೂ ಕೇಬಲ್ಲಿನ ತಂತಿಗೂ ದೂರದ ನಂಟೇನಾದರೂ ಇದ್ದಲ್ಲಿ ಇತ್ತ ಕೊಂಚ ಕಿವಿಗೊಟ್ಟು, ಆ ವೀರನ ಕಥೆಯು ನಡುವೆ ಕಡಿಯದಂತೆ ಕಾಪಾಡು.

ಆತನೇ ಚಂದ್ರಮೌಳಯ್ಯ. ಮೂವತ್ತೊಂದು ವರ್ಷ ಪ್ರೌಢಶಾಲೆಯ ಮೈದಾನವನ್ನು ಏಕಚ್ಛತ್ರವಾಗಿ ಆಳಿ ನಿವೃತ್ತರಾದ ವ್ಯಾಯಾಮ ಶಿಕ್ಷಕರು. ಏಕಸೀತ್ಕಾರ-ಚತುಃಶತಬಾಲಕ-ವಾಮಾವರ್ತನ-ಧುರಂಧರರು, ಅಂದರೆ ಒಂದು ಶಿಳ್ಳೆಗೆ ನಾನೂರು ಹುಡುಗರನ್ನು ಎಡಕ್ಕೆ ತಿರುಗಿಸಿದವರು. ಮೈಕು ಕೈಕೊಟ್ಟ ಎಲ್ಲ ಸ್ವಾತಂತ್ರ್ಯೋತ್ಸವಗಳಲ್ಲಿಯೂ ತಾವೇ ಮೈಕಾದ ಪ್ರಚಂಡಕಂಠರು. ಇಷ್ಟೆಲ್ಲವನ್ನು ಹೇಳಲು ಪುರುಸೊತ್ತಿಲ್ಲದ ಊರಿನವರು ಅವರನ್ನು ಡ್ರಿಲ್ ಮೇಷ್ಟ್ರು ಎನ್ನುತ್ತಿದ್ದರು.

ಕೇಬಲ್ಲಿನ ಅಧಿಪತಿಯೂ ಅವರ ಹಳೆಯ ಶಿಷ್ಯನೂ ಆದ ಜಬೀವುಲ್ಲಾ, ಹೊಸ ಯುಗದ ದೂತನಾಗಿ, ಕರಿಪೆಟ್ಟಿಗೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಮೂರು ಸಲ ಬಾಗಿಲಿಗೆ ಬಂದಿದ್ದನು. "ಸಾರ್, ಬಾಕ್ಸ್ ಹಾಕ್ಸ್ಕೊಳ್ಳಿ. ಹಳೇದು ನಿಂತೋಗ್ತೈತೆ, ಮ್ಯಾಲಿನ ಆರ್ಡರು" ಎಂದು ಮೂರು ಸಲವೂ ವಿನಯದಿಂದ ಬಿನ್ನವಿಸಿದ್ದನು. ಮೂರನೆಯ ಸಲ ಮೇಷ್ಟ್ರು ಜಗಲಿಯ ಮೇಲೆ ಎದೆಯುಬ್ಬಿಸಿ ನಿಂತು, ಧ್ವಜಸ್ತಂಭದ ಬುಡದಲ್ಲಿ ಮಾತ್ರ ಬಳಸುತ್ತಿದ್ದ ಕನ್ನಡದಲ್ಲಿ ಗರ್ಜಿಸಿದರು:

"ಜಬೀವುಲ್ಲಾ, ಕೇಳು. ಈ ಟಿ.ವಿ. ಹತ್ತೊಂಬತ್ತು ವರ್ಷಗಳಿಂದ ನನ್ನ ಆಜ್ಞೆಯನ್ನು ಮೀರಿಲ್ಲ. ಚಿತ್ರ ಹಾರಿದಾಗ ತಲೆಯ ಮೇಲೊಂದು ಕೊಟ್ಟಿದ್ದೇನೆ, ನೆಟ್ಟಗಾಗಿದೆ. ತಲೆಯೂ ಇಲ್ಲದ, ಬೆನ್ನೂ ಇಲ್ಲದ ಈ ಊಟದ ಡಬ್ಬಿಯ ಅಪ್ಪಣೆ ಪಡೆದು ನನ್ನ ಮನೆಯಲ್ಲಿ ನಾನು ವಾರ್ತೆ ನೋಡಬೇಕೇ? ಆಕಾಶವಿರುವ ತನಕ ಚಿತ್ರ ಬಂದೇ ಬರುತ್ತದೆ. ಹಿಂದಕ್ಕೆ ತಿರುಗು. ನಡೆ."

ಜಬೀವುಲ್ಲಾ ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ನಡೆದೇಬಿಟ್ಟನು.

ಒಳಗಿನಿಂದ ಅವರ ಪತ್ನಿ, ತಿಂಡಿಪಾಕನಿಪುಣೆ, ಮಿತಭಾಷಿಣಿ ಶಿವನಂಜಮ್ಮನವರು ಇಷ್ಟೇ ಅಂದರು: "ನಂದು ಬರೋ ದಿನಕ್ಕೆ ಸರಿಯಾಗಿ ಟೀವಿ ನಿಂತೋದ್ರೆ ನಾನಂತೂ ಸುಮ್ನಿರಲ್ಲ, ಹೇಳಿದೀನಿ."

ಈ ನುಡಿಗೆ ಕಾರಣವಿತ್ತು. ಮೂರು ತಿಂಗಳ ಹಿಂದೆ ಶಿವನಂಜಮ್ಮನವರು ತಂಗಿಯ ಜೊತೆ ಬೆಂಗಳೂರಿಗೆ ಹೋಗಿ, ಒಂದು ವಾಹಿನಿಯ ಅಡುಗೆ ಕಾರ್ಯಕ್ರಮದಲ್ಲಿ ಒತ್ತುಶಾವಿಗೆ, ಕಾಯಿಹಾಲು ಮಾಡಿ ಬಂದಿದ್ದರು. ಅಲ್ಲಿನ ದೀಪಗಳ ಬಿಸಿಗೆ ಕಾಯಿಹಾಲು ಒಡೆಯದಂತೆ ಕಾಪಾಡಿದ್ದೇ ಒಂದು ಸಾಹಸ; ಅದನ್ನು ಹಾಡಲು ಬೇರೆ ಕವಿಯೇ ಬೇಕು. ಆ ಕಾರ್ಯಕ್ರಮವು ಬರುವ ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಪ್ರಸಾರವಾಗುವುದೆಂದು ಫೋನು ಬಂದಿತ್ತು. ಬರುವುದು ಒಂದೇ ಸಲ. ಮೇಷ್ಟ್ರು ಅಡ್ಡರಸ್ತೆಯ ಎರಡೂ ಕೊನೆಗಳಿಗೆ ನಡೆದುಹೋಗಿ, ತಮ್ಮ ಮನೆಗೇ ಬಂದು ನೋಡಬೇಕೆಂದು ಎಲ್ಲರಿಗೂ ಆಜ್ಞೆಯ ರೂಪದಲ್ಲಿ ಆಹ್ವಾನವಿತ್ತಿದ್ದರು.

ಬುಧವಾರ ಸಂಜೆ ಐದಕ್ಕೆ ಪೂರ್ವಯುಗವು ಸತ್ತಿತು. ವಾರ್ತೆಯ ಹೆಣ್ಣುಮಗಳು "ನಮಸ್ಕಾರ" ಎಂದು ಕೈಮುಗಿಯುತ್ತಿದ್ದಂತೆಯೇ ಅವಳನ್ನು ಕೋಟಿ ಇರುವೆಗಳ ಸೈನ್ಯವು ಮುತ್ತಿಕೊಂಡಿತು. ಮೇಷ್ಟ್ರು ಟಿ.ವಿ.ಯ ತಲೆಯ ಮೇಲೊಂದು ಕೊಟ್ಟರು. ಇನ್ನೊಂದು ಕೊಟ್ಟರು. ಇರುವೆಗಳು ಒಂದಿಂಚೂ ಕದಲಲಿಲ್ಲ.

ಗುರುವಾರ ಬೆಳಿಗ್ಗೆ, ಹಲ್ಲುಜ್ಜುವ ಹೊತ್ತಿಗೆಲ್ಲ, ಎದುರುಮನೆಯ ರೇಣುಕಾರಾಧ್ಯರು ಗೇಟಿನ ಬಳಿ ಪ್ರತ್ಯಕ್ಷರಾದರು. ನಿವೃತ್ತ ಪೋಸ್ಟ್‌ಮಾಸ್ಟರರೂ, ತಾರಸಿಯ ಮೇಲೆ ಡಿಶ್ ಎಂಬ ಶ್ವೇತಚ್ಛತ್ರವನ್ನು ವರ್ಷದ ಹಿಂದೆಯೇ ಎತ್ತಿಸಿ ನಿಲ್ಲಿಸಿದ ದೂರದರ್ಶಿಗಳೂ, ಮೇಷ್ಟ್ರಿಗೆ ನಿತ್ಯಸ್ನೇಹಿತರೂ ನಿತ್ಯವೈರಿಯೂ ಆದ ಅವರು ಮೃದುವಾಗಿ ಬಾಣ ಬಿಟ್ಟರು: "ಮೇಷ್ಟ್ರೇ, ಯೋಚ್ನೆ ಹಚ್ಕೋಬೇಡಿ. ಮಧ್ಯಾಹ್ನ ಎಲ್ಲಾರೂ ನಮ್ಮನೆಗೇ ಬಂದ್ಬಿಡ್ಲಿ. ನಮ್ದು ಅಗಲದ ಟೀವಿ. ಅಕ್ಕಾವ್ರು ಪೂರ್ತಿ ಕಾಣ್ತಾರೆ."

ಸ್ವಂತ ಹೆಂಡತಿಯನ್ನು ಪರರ ಟಿ.ವಿ.ಯಲ್ಲಿ, ಪರರ ಸೋಫಾದ ಮೇಲೆ ಕುಳಿತು, ಪರರ ಕಾಫಿ ಕುಡಿಯುತ್ತ ನೋಡುವುದು! ಮೇಷ್ಟ್ರ ಬಾಯಲ್ಲಿದ್ದ ಬ್ರಷ್ಷು ನಿಂತುಹೋಯಿತು. ಮರುಗಳಿಗೆಯಲ್ಲಿ ಅವರು ಜಬೀವುಲ್ಲಾನಿಗೆ ಫೋನು ಮಾಡಿದ್ದರು. "ಆ ಡಬ್ಬಿ ತಗೊಂಡು ಬಾ" ಎಂದಷ್ಟೇ ಹೇಳಿದರು. ಸೋತ ರಾಜರು ಕೋಟೆಯ ಬೀಗದ ಕೈ ಕೊಡುವಾಗ ಹೆಚ್ಚು ಮಾತಾಡುವುದಿಲ್ಲ.

ಹತ್ತು ಗಂಟೆಗೆ ಕರಿಪೆಟ್ಟಿಗೆಯು ಗೃಹಪ್ರವೇಶ ಮಾಡಿತು. ಜಬೀವುಲ್ಲಾ ತಂತಿ ಸಿಕ್ಕಿಸಿ, ಗುಂಡಿ ಒತ್ತಿ, ಚಿತ್ರ ಬರಿಸಿ, ಎರಡು ರಿಮೋಟುಗಳನ್ನು ಗುರುವಿನ ಎರಡು ಕೈಗಳಲ್ಲಿಟ್ಟು ಉಪದೇಶಿಸಿದನು: "ಇದು ಟೀವೀದು ಸಾರ್, ಆನು ಆಫಿಗೆ. ಇದು ಬಾಕ್ಸಿಂದು, ಚಾನಲ್ಲು, ಸೌಂಡು ಎಲ್ಲಾದಕ್ಕೂ. ಅಮ್ಮಾವ್ರ ಚಾನಲ್ಲು ನೂರಾ ಹದಿನಾಲ್ಕು. ನಾನ್ ಬರ್ತೀನಿ ಸಾರ್, ಊರೆಲ್ಲಾ ನನ್ನೇ ಕರೀತಾ ಕೂತೈತೆ."

ಅವನು ಹೋದಮೇಲೆ ನಡೆದುದನ್ನು ಗಮನವಿಟ್ಟು ಕೇಳಿ. ಆ ಸೀಮೆಯಲ್ಲಿ ಮನೆಗೆ ಬಂದ ಯಂತ್ರವು ಸೈಕಲ್ಲಾಗಲಿ, ಮಿಕ್ಸಿಯಾಗಲಿ, ಪೂಜೆಗೊಳ್ಳದೆ ದುಡಿಮೆಗೆ ಇಳಿದ ಉದಾಹರಣೆಯಿಲ್ಲ. ಪೆಟ್ಟಿಗೆಯು ಶತ್ರುವೇ ಆದರೂ ಶರಣಾಗತ ಶತ್ರು, ಅದಕ್ಕೂ ಸಂಸ್ಕಾರವಾಗಬೇಕು. ಮೇಷ್ಟ್ರು ಸ್ನಾನ ಮಾಡಿ, ಮಡಿಯುಟ್ಟು, ವಿಭೂತಿಗಟ್ಟಿಯನ್ನು ನೀರಿನಲ್ಲಿ ತೇಯ್ದು, ನಡುವಿನ ಮೂರು ಬೆರಳುಗಳನ್ನು ಅದ್ದಿ, ಪೆಟ್ಟಿಗೆಯ ಮುಂಬದಿಗೆ ಈ ತುದಿಯಿಂದ ಆ ತುದಿಯವರೆಗೆ ಮೂರು ಪಟ್ಟೆಗಳನ್ನೆಳೆದರು. ತೆಳುವಾಗಿ ಎಳೆಯುವುದು ಅವರ ಜಾಯಮಾನವಲ್ಲ; ಕ್ರೀಡಾಕೂಟಕ್ಕೆ ಸುಣ್ಣದ ಗೆರೆ ಹಾಕಿದ ಕೈ ಅದು. ನಡುವೆ ಬಟಾಣಿ ಗಾತ್ರದ ಕುಂಕುಮವಿಟ್ಟರು, ಮೇಲೊಂದು ಕಣಗಿಲೆ ಹೂವಿಟ್ಟರು, ಕರ್ಪೂರ ಬೆಳಗಿದರು. ಪೆಟ್ಟಿಗೆಯು ಮಠಕ್ಕೆ ಹೊಸದಾಗಿ ಬಂದ ಮರಿಸ್ವಾಮಿಯಂತೆ ಶಾಂತವಾಗಿ ಕುಳಿತಿತು.

ಹನ್ನೆರಡು ಹೊಡೆಯಿತು. ಸಭೆಯು ನೆರೆಯಿತು. ಆರಾಧ್ಯರು ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಆರಿಸಿಕೊಂಡರು. ಬೀದಿಗೆಲ್ಲ ಹಿರಿಯಳಾದ ಗೌರಜ್ಜಿಯು ಟಿ.ವಿ.ಯಿಂದ ಮೊಳದ ದೂರದಲ್ಲಿ ಮಣೆ ಹಾಕಿಸಿಕೊಂಡು ಕುಳಿತಳು. ಪರದೆಯ ಮೇಲೆ, ಜಬೀವುಲ್ಲಾ ಬಿಟ್ಟುಹೋದ ವಾಹಿನಿಯಲ್ಲಿ, ಯಾವ ನಾಡಿನದೆಂದು ತಿಳಿಯದ ಭಾಷೆಯೊಂದರಲ್ಲಿ ದಢೂತಿ ಗಂಡಸೊಬ್ಬನು ಹೊಟ್ಟೆ ಕರಗಿಸುವ ಪಟ್ಟಿಯನ್ನು ಮಾರುತ್ತಿದ್ದನು.

"ಇವನೂ ಶಾವ್ಗೆ ಮಾಡ್ತಾನೇನಪ್ಪಾ?" ಎಂದಳು ಗೌರಜ್ಜಿ.

"ಇರಜ್ಜಿ, ಈಗ ನೋಡು" ಎಂದು ಮೇಷ್ಟ್ರು ವೀರಭಂಗಿಯಲ್ಲಿ ನಿಂತು, ಬಲಗೈಯನ್ನು ಭುಜದ ಮಟ್ಟಕ್ಕೆ ಚಾಚಿ, ಒಂದು, ಒಂದು, ನಾಲ್ಕು ಎಂದು ಒತ್ತಿದರು.

ದಢೂತಿ ಗಂಡಸು ಪಟ್ಟಿಯನ್ನು ಸೊಂಟಕ್ಕೆ ಸುತ್ತಿಕೊಂಡನು.

ಆಹಾ, ಅಲ್ಲಿಂದ ಮುಂದಿನ ಕಾಳಗವನ್ನು ಏನೆಂದು ಬಣ್ಣಿಸಲಿ! ರಿಮೋಟನ್ನು ಎಡಗೈಗೆ ಮೂರು ಸಲ ಕುಟ್ಟಿ ಒತ್ತಿದರು. ಬ್ಯಾಟರಿಗಳನ್ನು ತೆಗೆದು, ಉಜ್ಜಿ, ಬಿಸಿಲಿನಲ್ಲಿ ಐದು ನಿಮಿಷ ಕಾಯಿಸಿ, ಅದಲುಬದಲು ಮಾಡಿ, ಮತ್ತೆ ಅದಲುಬದಲು ಮಾಡಿ ಒತ್ತಿದರು. ಕುರ್ಚಿಯೇರಿ ಒತ್ತಿದರು, ಮಂಡಿಯೂರಿ ಒತ್ತಿದರು. ಶತ್ರುವಿನ ಸಮೀಪಕ್ಕೆ ನುಗ್ಗಿ ಅದರ ನೆತ್ತಿಗೆ ರಿಮೋಟನ್ನು ಒರಗಿಸಿ ಒತ್ತಿದರು. ಕಡೆಗೆ ಪೂರ್ವಯುಗದ ಪರಮಾಸ್ತ್ರವನ್ನೇ ಪ್ರಯೋಗಿಸಿ ಪೆಟ್ಟಿಗೆಯ ತಲೆಯ ಮೇಲೊಂದು ಕೊಟ್ಟರು. ಹಗುರವಾದ ಪೆಟ್ಟಿಗೆಯು ಎರಡಿಂಚು ಹಿಂದೆ ಸರಿದು ಸುಮ್ಮನಾಯಿತು. ದಢೂತಿ ಗಂಡಸು ಈಗ ಬೆವರುತ್ತಿದ್ದನು, ಮೇಷ್ಟ್ರೂ ಬೆವರುತ್ತಿದ್ದರು. ನೋಡುವವರಿಗೆ ಇಬ್ಬರಲ್ಲಿ ಯಾರ ಹೊಟ್ಟೆ ಮೊದಲು ಕರಗುವುದೆಂಬ ಸಂಶಯ ಹುಟ್ಟಿತು.

ಫೋನಿನಲ್ಲಿ ಜಬೀವುಲ್ಲಾ ಸಿಕ್ಕಿದನು. ಅವನು ಬೇರೆ ಬೀದಿಯ ಕಂಬದ ಮೇಲಿದ್ದನು.

"ಎಲ್ಲಿದ್ದೀಯೋ? ನಿನ್ ಡಬ್ಬಿ ಮಾತೇ ಕೇಳ್ತಿಲ್ವಲ್ಲೋ."

"ಬಾಕ್ಸ್ ಮುಂದೆ ಕೆಂಪಗೆ ಕಾಣ್ತೈತಾ ಸಾರ್, ಚಿಕ್ಕದು?"

ಮೇಷ್ಟ್ರು ಬಗ್ಗಿ ನೋಡಿದರು. ವಿಭೂತಿಯ ನಡುವೆ ಅವರೇ ಇಟ್ಟ ಕುಂಕುಮವು ದೇದೀಪ್ಯಮಾನವಾಗಿತ್ತು. "ಐತೆ. ಚೆನ್ನಾಗೇ ಐತೆ."

"ಹಂಗಾರೆ ಬಾಕ್ಸ್ ಸರಿ ಐತೆ. ರಿಮೋಟ್ನ ಅದರ ಮುಂದೆ ಹಿಡ್ದು ಒತ್ತಿ ಸಾರ್. ನಾನು ಇಳ್ಯಕ್ಕೆ ಇನ್ನೂ ಅರ್ಧ ಗಂಟೆ ಆಗ್ತೈತೆ."

ಹನ್ನೆರಡು ಇಪ್ಪತ್ತೈದು. ಆರಾಧ್ಯರು ಎದ್ದು ಪಂಚೆ ಸರಿಮಾಡಿಕೊಂಡರು. "ಮೇಷ್ಟ್ರೇ, ಹಟ ಬ್ಯಾಡ. ಇವಾಗ ಹೊರಟ್ರೆ ಮೊದಲಿಂದ ನೋಡಬೋದು. ಏಳಜ್ಜಿ, ಕೈ ಕೊಡು."

ಗೌರಜ್ಜಿಯು ಒಂದು ಕೈ ಮಣೆಗೂ ಇನ್ನೊಂದು ಕೈ ಆರಾಧ್ಯರಿಗೂ ಕೊಟ್ಟಳು. ಸಭೆಯು ಚಪ್ಪಲಿ ಹುಡುಕತೊಡಗಿತು. ಮೇಷ್ಟ್ರು ಸೇನೆಯಿಂದ ತ್ಯಜಿಸಲ್ಪಟ್ಟ ದಂಡನಾಯಕನಂತೆ, ಎರಡು ಕೈಗಳಲ್ಲಿ ಎರಡು ರಿಮೋಟು ಹಿಡಿದು, ತಮ್ಮದೇ ನಡುಮನೆಯಲ್ಲಿ ಏಕಾಕಿಯಾಗಿ ನಿಂತರು. ನಾನೂರು ಹುಡುಗರು ತಿರುಗುತ್ತಿದ್ದರು. ಅಂಗೈಯಗಲದ ಪ್ಲಾಸ್ಟಿಕ್ಕು ತಿರುಗುತ್ತಿಲ್ಲ. ಅವರಿಗೆ ಹೆಂಡತಿಯತ್ತ ನೋಡುವ ಧೈರ್ಯವಾಗಲಿಲ್ಲ.

ಶಿವನಂಜಮ್ಮನವರು ಟಿ.ವಿ.ಯಲ್ಲಿ ಉಟ್ಟಿದ್ದ ಅದೇ ಗಿಣಿಹಸಿರು ಸೀರೆಯನ್ನುಟ್ಟು ಅಡುಗೆಮನೆಯ ಬಾಗಿಲಲ್ಲಿ ಇಷ್ಟು ಹೊತ್ತೂ ನಿಂತಿದ್ದರು. ಅವರೂ ಹೊರಡುವವರೇ ಎಂದು ಎಲ್ಲರೂ ತಿಳಿದರು. ಅವರು ಹೊರಡದೆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು.

"ರೀ. ಜಬೀ ಇದರ ಮೂತಿಲಿರೋ ಕರೀ ಗಾಜಿಗೆ ಹಿಡ್ದು ಒತ್ತಿದ್ದ, ನಾನ್ ನೋಡ್ತಿದ್ದೆ. ನೀವು ಅದ್ರ ಮೇಲೇ ಬಳ್ದಿದ್ದೀರಲ್ಲ. ಕಣ್ಣಿಗೇ ಬಳ್ದ್ರೆ ಅದಕ್ಕೇನು ಕಾಣ್ತೈತೆ?"

ಇದೀಗ ನಿಜವಾದ ಧರ್ಮಸಂಕಟವು ಎದುರಾಯಿತು. "ಇಟ್ಟ ವಿಭೂತೀನ ಒರೆಸ್ತೀಯೇನೇ?" ಎಂದರು ಮೇಷ್ಟ್ರು, ಅವರ ಪಾಲಿಗೆ ಪಿಸುಮಾತೆನ್ನಬಹುದಾದ ದನಿಯಲ್ಲಿ.

ಶಿವನಂಜಮ್ಮನವರು ಮೂರು ಬೆರಳುಗಳನ್ನು ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ಒತ್ತಿ ಎಳೆದರು. ಅದೇ ಬೆರಳುಗಳನ್ನು ತಮ್ಮ ಹಣೆಯ ಮೇಲೆ ಎಳೆದುಕೊಂಡರು.

"ಒರೆಸ್ಲಿಲ್ಲ. ಹಚ್ಕೊಂಡೆ."

ಸೆರಗಿನ ತುದಿಯಿಂದ ಉಳಿದ ಕುಂಕುಮವನ್ನೂ ತೆಗೆದು, "ಹೂಂ, ಒತ್ತಿ ಈಗ" ಎಂದರು.

ಮೇಷ್ಟ್ರು ಒತ್ತಿದರು. ದಢೂತಿ ಗಂಡಸು ಅಂತರ್ಧಾನನಾದನು. ಮೂರು ಮೂಗುಗಳಿಲ್ಲದ, ನೆರಳುಗಳಿಲ್ಲದ, ಹಣೆಯ ಬೆವರಹನಿಯೂ ಎಣಿಸಲು ಬರುವಂಥ ಶಿವನಂಜಮ್ಮನವರು ಗಿಣಿಹಸಿರು ಸೀರೆಯಲ್ಲಿ ಶಾವಿಗೆಯ ಒರಳಿನ ಪಕ್ಕ ನಿಂತು ಇಡೀ ಬೀದಿಗೆ ಕೈಮುಗಿದರು. ಚಪ್ಪಲಿಗಳು ಮತ್ತೆ ಕಳಚಲ್ಪಟ್ಟವು. ಆರಾಧ್ಯರು ಕೂಡ ಬಾಗಿಲ ಕುರ್ಚಿ ಬಿಟ್ಟು ಒಳಗೆ ಬಂದು ಕುಳಿತರು. ಗೌರಜ್ಜಿಯು ಪರದೆಯನ್ನೂ ಪಕ್ಕದಲ್ಲಿದ್ದವಳನ್ನೂ ಸರದಿಯಂತೆ ನೋಡಿ, "ಅಲ್ಲೇ ಚೆನ್ನಾಗಿದ್ದೀಯ ಕಣೇ" ಎಂದಳು.

ಮೇಷ್ಟ್ರ ಎದೆಯು ಮೊದಲಿನ ಸುತ್ತಳತೆಗೆ ಮರಳಿತು. "ಟೆಕ್ನಿಕ್ಕು ಕಣ್ರೀ ಆರಾಧ್ಯರೇ" ಎಂದು ಶುರುಮಾಡಿದರು. "ಯಂತ್ರ ಅಂದ್ರೆ ಹೆದರಬಾರದು. ನಿಂತು ಎದುರಿಸಬೇಕು. ನಾನಂತೂ ಮೊದಲಿಂದಲೂ..."

ಅಷ್ಟರಲ್ಲಿ ಪರದೆಯೊಳಗಿನ ನಿರೂಪಕಿ ಹುಡುಗಿಯು ನಗುನಗುತ್ತ ಕೇಳಿದಳು: "ನಿಮ್ಮ ಯಜಮಾನ್ರು ಅಡುಗೆಮನೇಲಿ ಸಹಾಯ ಮಾಡ್ತಾರಾ ಮೇಡಂ?"

ಪರದೆಯೊಳಗಿನ ಶಿವನಂಜಮ್ಮನವರು ಹಿಟ್ಟನ್ನು ಒರಳಿಗೆ ತುಂಬುತ್ತಲೇ ಉತ್ತರಿಸಿದರು: "ಅವ್ರಾ? ತುಂಬಾ ಒಳ್ಳೇವ್ರು. ಒಲೆ ಮೇಲೆ ಹಾಲಿಟ್ಟಿದ್ರೆ ಕದಲ್ದಂಗೆ ಕಾಯ್ತಾರೆ. ಉಕ್ಕಿದ ತಕ್ಷಣ 'ಹಾಲು ಉಕ್ತೂ' ಅಂತ ಇಡೀ ಬೀದಿಗೆ ಕೇಳೋ ಹಂಗೆ ನನ್ನ ಕೂಗ್ತಾರೆ. ಗ್ಯಾಸು ಆರ್ಸಲ್ಲ. ಪಕ್ಕದಲ್ಲೇ ನಿಂತಿರ್ತಾರೆ."

ನಡುಮನೆಯಲ್ಲಿ ಮೊದಲು ಆರಾಧ್ಯರ ಭುಜಗಳು ಅಲುಗಲಾರಂಭಿಸಿದವು. "ನಮ್ಮನೆಗೂ ಕೇಳ್ತೈತೆ, ಹೌದು" ಎಂದು ಅವರು ಸಾಕ್ಷಿ ನುಡಿದದ್ದೇ ತಡ, ಗೌರಜ್ಜಿಯಿಂದ ಹಿಡಿದು ಬಾಗಿಲಲ್ಲಿ ನಿಂತವರ ತನಕ ನಗೆಯು ಸುಗ್ಗಿಯ ತೆನೆಯಂತೆ ತೂಗಿತು. ಪರದೆಯೊಳಗಿನ ಹುಡುಗಿಯೂ ನಗುತ್ತಿದ್ದಳು. ಪರದೆಯ ಹೊರಗಿನ ಶಿವನಂಜಮ್ಮನವರು ಹಣೆಯ ತುಂಬ ವಿಭೂತಿಯಿಟ್ಟುಕೊಂಡು, ತಾವು ಹೇಳಿದ್ದೇ ಅಲ್ಲವೆಂಬಂತೆ ಕಾಯಿಹಾಲಿನ ಬಣ್ಣವನ್ನು ಪರೀಕ್ಷಿಸುತ್ತಿದ್ದರು.

ಏಕಸೀತ್ಕಾರ-ಚತುಃಶತಬಾಲಕ-ವಾಮಾವರ್ತನ-ಧುರಂಧರರೂ ಪ್ರಚಂಡಕಂಠರೂ ಕರಿಪೆಟ್ಟಿಗೆಯ ವಿಜಯಿಗಳೂ ಆದ ಚಂದ್ರಮೌಳಯ್ಯನವರು ಕಿವಿಯವರೆಗೆ ಕೆಂಪಾಗಿ, ಆ ನಗೆಯನ್ನು ಮೀರಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು:

"ಲೇ, ಸೌಂಡ್ ಕಮ್ಮಿ ಮಾಡೇ."

"ರಿಮೋಟು ನಿಮ್ ಕೈಲೇ ಐತಲ್ರೀ" ಎಂದರು ಶಿವನಂಜಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಮೇಷ್ಟ್ರು ಬಲಗೈಯನ್ನು ನೋಡಿಕೊಂಡರು. ಎಡಗೈಯನ್ನು ನೋಡಿಕೊಂಡರು. ಆಮೇಲೆ, ಯಾವುದು ಯಾವುದೆಂದು ತಿಳಿಯದೆ, ಪಕ್ಕದಲ್ಲೇ ನಿಂತಿದ್ದರು.