ಶನಿ ನಿಂತ ಸಂಜೆ

ಶನಿ ಬಿಟ್ಟುಹೋದರೆ ಸಾಕಪ್ಪಾ ಎಂದು ಲೋಕವೆಲ್ಲ ಬೇಡಿಕೊಳ್ಳುವಾಗ, ಗಡಿಯಾರ ರಿಪೇರಿಯವನಿಗೆ ಅದು ಬಿಟ್ಟುಹೋಗುವುದೇ ಚಿಂತೆಯಾಗಿತ್ತು. ತಾರಸಿಯ ಮೇಲಿದ್ದ ಅವನ ಕಂಪ್ಯೂಟರ್ ದೂರದರ್ಶಕ ಗುಂಡಿ ಒತ್ತಿದರೆ ಗ್ರಹವನ್ನು ತಾನೇ ಹುಡುಕಿ, ತಾನೇ ಹಿಂಬಾಲಿಸಬೇಕು. ಹುಡುಕುತ್ತಿತ್ತು, ಹಿಂಬಾಲಿಸುತ್ತಿರಲಿಲ್ಲ. ಕಳೆದ ವಾರ ಕೆಳಮನೆಯ ಲೈಬ್ರರಿ ಮೇಡಂ ಶನಿಯ ಉಂಗುರ ನೋಡಲು ಬಂದಾಗ ನಿಮಿಷಕ್ಕೊಮ್ಮೆ "ರೀ, ಓಡೋಯ್ತು!" ಎಂದು ಕರೆಯುತ್ತಿದ್ದರು. ಇವನು ಓಡಿಹೋಗಿ ಸರಿಮಾಡುವುದು, ಅದು ಮತ್ತೆ ಜಾರುವುದು. ಊರಿನ ಗಡಿಯಾರಗಳನ್ನೆಲ್ಲ ಸರಿಮಾಡುವವನ ಮಾನ ಮೂರುಕಾಸಿಗೆ ಹೋಯಿತು.

ಮೇಡಂಗೆ ವರ್ಗವಾಗಿತ್ತು. ಇವತ್ತು ರಾತ್ರಿ ಎಂಟರ ರೈಲು. ಹೊರಡುವ ಮುಂಚೆ ಕೊನೆಯ ಸಲ ಶನಿ ನೋಡಿ ಹೋಗುತ್ತೇನೆ ಎಂದಿದ್ದರು. ಅದು ಹತ್ತು ನಿಮಿಷ ಅಲ್ಲಾಡದೆ ನಿಂತರೆ, ಮೂರು ವರ್ಷದಿಂದ ಹೇಳಲಾಗದ ಮನಸ್ಸಿನ ಮಾತನ್ನು "ಹೋಗಬೇಡಿ" ಎಂದಾದರೂ ಹೇಳಿಯೇಬಿಡುವುದೆಂದು ಅವನು ನಿಶ್ಚಯಿಸಿದ್ದ.

ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಹಗಲಲ್ಲೂ ಕಾಣುತ್ತಿದ್ದ ಚಂದ್ರನ ಮೇಲೆ ಪರೀಕ್ಷೆ ಶುರುಮಾಡಿದ. ತಾರೀಖು ಸರಿ, ಗಂಟೆ ಸರಿ, ಬ್ಯಾಟರಿ ಹೊಸದು. ಆದರೂ ಚಂದ್ರ ಜಾರಿದ.

"ಇದರ ಕಾಲಡಿ ಏನೋ ಇದು?" ಪಕ್ಕದ ಮನೆಯ ಬಡಗಿ ಬಗ್ಗಿ ನೋಡಿದ. ಸ್ಟ್ಯಾಂಡಿನ ಒಂದು ಕಾಲಿನಡಿ ಬಾಗಿಲ ಮುಂದೆ ಹಾಕುವಂಥ ಸ್ಪಂಜಿನ ಮ್ಯಾಟು! ಕಾಲು ಅದರೊಳಗೆ ಮೆಲ್ಲಗೆ ಹೂತುಕೊಳ್ಳುತ್ತಿತ್ತು.

"ನಾನೇ ಇಟ್ಟಿದ್ದು," ಎಂದರು ಮನೆ ಒಡತಿ ಅಜ್ಜಿ, ಸೊಂಟಕ್ಕೆ ಕೈಯಿಟ್ಟು. "ನೆಲ ಗೀಚಿದ್ರೆ ನಿಮ್ಮಪ್ಪ ಬಂದು ಸರಿಮಾಡ್ತಾನಾ?" ಗೊಣಗುತ್ತಲೇ ಅದನ್ನು ಎತ್ತಿಕೊಂಡು ಹೋದರು.

"ಮ್ಯಾಟಿಂದ ಶನಿ ಓಡ್ತಿತ್ತಂತ್ರೋ!" ಎಂದು ಬಡಗಿ ಮೆಟ್ಟಿಲಿಳಿಯುತ್ತ ಮನೆಮನೆಗೂ ಕೇಳುವಂತೆ ಸಾರಿದ.

ಊಟ ಮುಗಿಸಿ ಬಂದರೆ ಕಾಲಡಿ ಮತ್ತೆ ಮ್ಯಾಟು! ಸರಿಯಾಗಿ ನೋಡದೆ ಕಿತ್ತೆಸೆದ. ನಾಲ್ಕು ಗಂಟೆಗೆ ನೋಡಿದರೆ ಮತ್ತೆ ಹಾಜರು! "ಶನಿ ಕಾಟಕ್ಕಿಂತ ಈ ಅಜ್ಜಿ ಕಾಟ ಹೆಚ್ಚಾಯ್ತಲ್ಲಪ್ಪಾ," ಎಂದು ಹಲ್ಲು ಕಡಿದು ಅದನ್ನು ಮೂಲೆಗೆಸೆದ. ಬಡಗಿಯನ್ನು ಕರೆಸಿ ಮೂರು ಕಾಲುಗಳನ್ನೂ ದಪ್ಪ ಹಲಗೆಗೆ ಸ್ಕ್ರೂ ಹಾಕಿಸಿಬಿಟ್ಟ.

ಹೊತ್ತು ಮುಳುಗಿದ ಮೇಲೆ ಮೇಡಂ ಬಂದು ಕಣ್ಣಿಟ್ಟರು. ಶನಿ ಬಂಡೆಯ ಹಾಗೆ ನಿಂತಿತ್ತು. ಇವನು ನೀರಿನ ಟ್ಯಾಂಕಿನ ಪಕ್ಕ ನಿಂತು, ಈಗ ಕರೆದಾರು, ಈಗ ಕರೆದಾರು ಎಂದು ಕಾದ. ಓಡಿಹೋಗದ ಶನಿಗೆ ಯಾರನ್ನು ಯಾಕೆ ಕರೆಯಬೇಕು? ಹತ್ತು ಹೆಜ್ಜೆ ದಾಟಿ ಹತ್ತಿರ ಹೋಗಲು ಅವನಿಗೊಂದು ನೆಪ ಸಿಗಲಿಲ್ಲ.

"ಗಟ್ಟಿಯಾಗಿ ನಿಂತ್ಬಿಟ್ಟಿದೆ, ಅಲ್ವಾ?" ಎಂದರು ಮೇಡಂ, ಕೊನೆಗೆ ಕಣ್ಣು ತೆಗೆದು.

"ಹೂಂ ರೀ, ಇನ್ನು ಜಾರೋ ಮಾತೇ ಇಲ್ಲ." ಹೇಳಬೇಕಾದ್ದನ್ನು ಬಿಟ್ಟು ಇದನ್ನು ಹೇಳಿದ.

"ಸರಿ ಹಾಗಾದ್ರೆ. ಬರ್ತೀನಿ."

ಕೆಳಗೆ ಟ್ಯಾಕ್ಸಿ ಹೊರಟ ಸದ್ದು ಕೇಳಿತು. ಅವನ ಸಂಕಟವೆಲ್ಲ ಟಾರ್ಚ್ ಹಿಡಿದು ತಾರಸಿಗೆ ಬಂದ ಅಜ್ಜಿಯ ಮೇಲೆ ತಿರುಗಿತು. "ಎರಡೆರಡು ಸಲ ಮ್ಯಾಟು ತುರುಕಿ ನನ್ನ ದಿನಾನೇ ಹಾಳು ಮಾಡಿದ್ರಲ್ಲ!"

"ನಾನಾ? ನನ್ನದು ಬೆಳಿಗ್ಗೆನೇ ಒಗೆದು ಒಣಗಾಕಿದೀನಿ, ಅಲ್ನೋಡು!"

ಹಗ್ಗದ ಮೇಲೆ ಅಜ್ಜಿಯ ಕೆಂಪು ಮ್ಯಾಟು ತೂಗುತ್ತಿತ್ತು. ಮೂಲೆಯಲ್ಲಿ ಬಿದ್ದಿದ್ದುದು ಹಸಿರು ಬಣ್ಣದ್ದು. ಮೇಡಂ ಬಾಗಿಲ ಮುಂದಿನದು. ಶನಿ ಓಡಿದರೆ ತಾನೇ "ರೀ" ಎಂದು ಕರೆಯಲಾಗುವುದು! ಮೂರು ವರ್ಷದಿಂದ ಅದನ್ನು ತುಳಿಯುವ ಧೈರ್ಯ ಸಾಲದೆ ಎಷ್ಟು ಸಲ ವಾಪಸ್ ಬಂದಿದ್ದನೋ!

ಅದನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಓಡಿದ. ಬಾಗಿಲಿಗೆ ಬೀಗ ಬಿದ್ದಿತ್ತು. ಮ್ಯಾಟನ್ನು ಅಲ್ಲೇ ಹಾಸಿ, ಮೊದಲ ಸಲ ಅದರ ಮೇಲೆ ನಿಂತ.

ತನ್ನ ಕೆಲಸ ನೋಡಲು ತಾರಸಿ ಹತ್ತಿದ್ದ ಬಡಗಿ ದೂರದರ್ಶಕಕ್ಕೆ ಕಣ್ಣಿಟ್ಟು ಖುಷಿಯಲ್ಲಿ ಕೂಗಿದ: "ಲೋ, ಇನ್ನೂ ಹೋಗಿಲ್ಲ ಕಣೋ! ಅಲ್ಲೇ ನಿಂತಿದೆ!"