ಪಾದ್ರಿಯೂ ಮುಲ್ಲಾನೂ ಒಂದೇ ಚಕ್ಕಡಿಯಲ್ಲಿ

ಇಬ್ಬರ ನಡುವೆ ನಿಂತು ಮಾತು ದಾಟಿಸುವವನ ಹಣೆಯಲ್ಲಿ ದಿನಕ್ಕೊಂದು ಫಜೀತಿ ಬರೆದಿರುತ್ತದೆ. ಯಾರು ಏನೇ ಅಂದರೂ ಅದು ಕೊನೆಗೆ ಅವನ ಬಾಯಿಂದಲೇ ಹೊರಗೆ ಬರಬೇಕಲ್ಲ!

ನಾನು ಬೈಲಹೊಂಗಲದಲ್ಲಿ ಸಾಲಿ ಮಾಸ್ತರನಾಗಿದ್ದೆ. ಪ್ಲೇಗು ಬಂತು, ಸಾಲಿ ಮುಚ್ಚಿತು, ನಾನು ಕೈಕಟ್ಟಿ ಕುಳಿತೆ. ಮರುವರ್ಷ ಊರಿಗೆ ಒಬ್ಬ ಬಿಳಿಯ ಪಾದ್ರಿ ಬಂದ. ಒಳ್ಳೆಯ ಮನುಷ್ಯ, ಕನ್ನಡ ಮಾತ್ರ ಬಾರದು. ನನ್ನ ಹತ್ತಿರ ಬೆಳಗಾವಿಯಲ್ಲಿ ಕಲಿತ ಹರಕುಮುರುಕು ಇಂಗ್ರಜಿ ಇತ್ತು. ಹೀಗಾಗಿ ನಾನು ದುಭಾಷಿಯಾದೆ. ಊರೂರು ತಿರುಗಲು ಪಾದ್ರಿಗೆ ಚಕ್ಕಡಿ ಬೇಕಿತ್ತು. ಒಳ್ಳೆಯ ಎತ್ತು, ಗಟ್ಟಿ ಚಕ್ಕಡಿ ಎರಡೂ ಇದ್ದದ್ದು ನಮ್ಮ ಗೋಡೆಯಾಚೆಯ ಮುಲ್ಲಾ ಚಾಚಾನ ಹತ್ತಿರ. ತನ್ನ ಎತ್ತನ್ನು ಇನ್ನೊಬ್ಬರ ಕೈಗೆ ಕೊಡುವ ಪೈಕಿ ಚಾಚಾ ಅಲ್ಲ. ಹೀಗೆ ಚಕ್ಕಡಿಯ ಮುಂದೆ ಹಗ್ಗ ಹಿಡಿದು ಮುಲ್ಲಾ, ಹಿಂದೆ ಪುಸ್ತಕ ಹಿಡಿದು ಪಾದ್ರಿ, ನಟ್ಟನಡುವೆ ನಾನು.

ಇನ್ನೊಂದು ಮಾತು ಮೊದಲೇ ಹೇಳಬೇಕು. ನಾನು ಹುಟ್ಟಿದಾಗ ನಮ್ಮವ್ವ ಬಾಣಂತಿ ಸನ್ನಿಯಿಂದ ಮಲಗಿಬಿಟ್ಟಿದ್ದಳಂತೆ. ಆಗ ನನಗೆ ಹಾಲು ಕೊಟ್ಟು ಬದುಕಿಸಿದವಳು ಮುಲ್ಲಾನ ಹೆಂಡತಿ, ಚಾಚಿ. ಪಾದ್ರಿ ಸಿಟ್ಟಾದರೆ ನನ್ನ ಅನ್ನ ಹೋಗುತ್ತಿತ್ತು, ಮುಲ್ಲಾ ಸಿಟ್ಟಾದರೆ ಆ ಮನೆಯ ಬಾಗಿಲು ಮುಚ್ಚುತ್ತಿತ್ತು. ಅತ್ತ ದರಿ, ಇತ್ತ ಪುಲಿ.

ಅವ್ವನ ಪ್ರಶ್ನೆ

ಹೊರಡುವ ಮುಂಜಾನೆ ಅವ್ವ ರೊಟ್ಟಿ ಬುತ್ತಿ ಕಟ್ಟುತ್ತ ಕೇಳಿದಳು, "ಪಾದ್ರಿ ಯೇಸು ಅಂತಾನ, ಮುಲ್ಲಾ ಈಸಾ ಅಂತಾನ. ಇಬ್ಬರೂ ಒಬ್ಬರ ಸುದ್ದೀನs ಹೇಳಾಕ ಹತ್ಯಾರೇನು?"

"ಹೌದಬೇ, ಒಬ್ಬರs."

"ಮತ್ತ ಜಗಳ ಯಾಕ?"

"ಪಾದ್ರಿ ಅವರನ್ನ ದೇವರ ಮಗಾ ಅಂತಾನ. ಚಾಚಾ ದೇವರು ಕಳಿಸಿದ ದೊಡ್ಡ ಪೈಗಂಬರರು, ಆದ್ರ ಮಗಾ ಅಲ್ಲ ಅಂತಾನ. ಪಾದ್ರಿ ಅವರು ಶಿಲುಬೆ ಮ್ಯಾಲ ಸತ್ತು ಮೂರನೇ ದಿನಕ್ಕ ಎದ್ದರು ಅಂತಾನ. ಚಾಚಾ ಅವರು ಸಾಯಲೇ ಇಲ್ಲ, ದೇವರು ಹಂಗs ಮ್ಯಾಲ ಕರಕೊಂಡಾನ ಅಂತಾನ."

"ಸತ್ತು ಎದ್ದು ಮ್ಯಾಲ ಹೋದ್ರೂ ಮ್ಯಾಲ, ಸಾಯದ ಹೋದ್ರೂ ಮ್ಯಾಲ. ಈಗ ಎಲ್ಲಿ ಅದಾರ?"

"ಮ್ಯಾಲ. ಅದಕ್ಕ ಇಬ್ಬರೂ ಹೂಂ ಅಂತಾರ."

ಅವ್ವ ಬುತ್ತಿಯ ಗಂಟು ಬಿಗಿದಳು. "ನೀ ನಡುವ ಕುಂತು ಏನ ಮಾಡ್ತಿ?"

"ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಸ್ತೀನಿ."

"ಎಂಟು ದಿನ ಆತು ನೀ ಲಿಂಗಪೂಜಿ ಮಾಡಿಲ್ಲ. ಕೊಳ್ಳಾಗ ಕಟಗೊಂಡಿಯಲ್ಲ, ಅಂವಗ ಯಾವಾಗ ಮಾತು ಮುಟ್ಟಸ್ತಿ?"

ಕಿತ್ತೂರಿನ ದತ್ತಕ

ಕಿತ್ತೂರಿನಲ್ಲಿ ಬಿದ್ದ ಕೋಟೆಯ ಮಗ್ಗುಲಿಗೆ ಬೇವಿನ ಗಿಡದ ಕೆಳಗೆ ಜನ ಕೂಡಿದರು. ಪಾದ್ರಿ ಉಪದೇಶ ಮಾಡಿದ, ನಾನು ಕನ್ನಡಕ್ಕೆ ದಾಟಿಸಿದೆ. "ಯೇಸು ದೇವರ ಮಗ" ಅನ್ನುವ ಮಾತು ಬಂದ ಕೂಡಲೇ ಎತ್ತಿಗೆ ಹುಲ್ಲು ಹಾಕುತ್ತಿದ್ದ ಮುಲ್ಲಾ ಅಲ್ಲಿಂದಲೇ ಕೂಗಿದ, "ತೋಬಾ ತೋಬಾ! ದೇವರಿಗೆ ಮಗಾ ಇಲ್ಲ!"

ಮುಂದೆ ಕುಳಿತಿದ್ದ ಒಬ್ಬ ಮುದುಕ ಕಿವಿ ನಿಗುರಿಸಿದ. ಅವನ ಅಜ್ಜ ಕಿತ್ತೂರ ವಾಡೆಯಲ್ಲಿ ಚಾಕರಿ ಮಾಡಿದವನಂತೆ. ಮುದುಕ ಎದ್ದು ಪಾದ್ರಿಯ ಹತ್ತಿರ ಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಮಾಸ್ತರ, ಇವರನ್ನ ಕೇಳ್ರಿ. ನಮ್ಮ ದೊರಿಗೆ ಮಕ್ಕಳಿರಲಿಲ್ಲ. ದತ್ತಕ ತಗೊಂಡ್ರು. ಕುಂಪಣಿ ಸಾಹೇಬರು 'ಇಂವಾ ಮಗಾ ಅಲ್ಲ' ಅಂದ್ರು. ಅದೊಂದು ಮಾತಿಗೆ ಸಂಸ್ಥಾನ ಮುಣಗಿತು. ಈಗ ಅವರ ಪೈಕಿಯವರs ಬಂದು ದೇವರಿಗೆ ಮಗಾ ಅದಾನ ಅಂತಾರ. ಈ ಬುದ್ಧಿ ಅವತ್ತ ಎಲ್ಲಿ ಹೋಗಿತ್ತು?"

ಇದನ್ನು ಇಂಗ್ರಜಿಗೆ ಹೇಗೆ ದಾಟಿಸಲಿ ಅಂತ ನಾನು ಮಾತು ಹುಡುಕತೊಡಗಿದೆ. ಅಷ್ಟರಲ್ಲಿ ಮುದುಕ ಮುಲ್ಲಾನ ಕಡೆ ತಿರುಗಿದ. "ನೀ 'ಮಗಾ ಅಲ್ಲ' ಅಂತೀ. ನೀ ಕುಂಪಣಿ ಕಡೀ ಮನಷ್ಯಾ ಏನು?"

"ನಾ ಯಾಕ ಕುಂಪಣಿ ಕಡೀ ಆಗಲಿ!" ಅಂತ ಮುಲ್ಲಾ ಹೌಹಾರಿದ. "ಮಾಸ್ತರ, ಪಾದ್ರಿಗೆ ಹೇಳು. ದೇವರು ಒಬ್ಬಾಂವ, ಅವಗ ಮಕ್ಕಳಿಲ್ಲ."

ಪಾದ್ರಿ ನನ್ನ ಮುಖ ನೋಡಿದ. ನಾನು ಸುಳ್ಳು ಹೇಳಲಿಲ್ರೀ, ಅರ್ಧ ಹೇಳಿ ಅರ್ಧ ನುಂಗಿದೆ. "ದೇವರು ಒಬ್ಬನೇ ಅಂತ ಮುಲ್ಲಾ ಹೇಳುತ್ತಾನೆ" ಅಂದೆ. ಪಾದ್ರಿ ಸಂತೋಷದಿಂದ ಜೋರಾಗಿ ಗೋಣು ಆಡಿಸಿದ. ಅದನ್ನು ಕಂಡ ಮುಲ್ಲಾ ಬಾಯಿ ತೆರೆದು ನಿಂತ. "ಒಪ್ಪಿದರಾ?" ಅಂತ ನನ್ನನ್ನು ಪಿಸುಗುಟ್ಟಿ ಕೇಳಿದ. "ಗೋಣು ಆಡಿಸಿದ್ದು ನೀವs ನೋಡಿದ್ರಲ್ಲ" ಅಂದೆ.

ಆದರೆ ಮುದುಕ ಅಷ್ಟಕ್ಕೆ ಬಿಡಲಿಲ್ಲ. ಮನೆಗೆ ಹೋಗಿ ಒಂದು ಕಾಗದ, ದೌತಿ, ಲೆಕ್ಕಣಿಕೆ ತಂದು ಪಾದ್ರಿಯ ಮುಂದೆ ಇಟ್ಟ. "ದೇವರ ಮಗನ್ನ ನಾ ಒಪ್ಪತೇನ್ರಿ. ಖರೇ, ಇವರು ಮೊದಲ ನಮ್ಮ ದೊರೀ ಮಗನ್ನ ಒಪ್ಪಿ ಒಂದು ಸಹಿ ಮಾಡಲಿ."

ಸವದತ್ತಿಯ ಅಂಟಿನುಂಡಿ

ಸವದತ್ತಿಯಲ್ಲಿ ಗುಡ್ಡದಿಂದ ಇಳಿದು ಬಂದ ಒಬ್ಬ ಜೋಗತಿ ನಮ್ಮ ಚಕ್ಕಡಿಯ ನೆರಳಿನಲ್ಲಿ ಕುಳಿತಳು. ತಲೆ ಮೇಲಿನ ಬುಟ್ಟಿ ಇಳಿಸಿ, "ಮಗನ ಸುದ್ದಿ ಸಾಕ. ತಾಯೀ ಸುದ್ದಿ ಹೇಳ್ರಿ" ಅಂದಳು. ಆ ಗುಡ್ಡದ ಕೆಳಗೆ ಕುಳಿತು ತಾಯಿಯನ್ನು ಬಿಟ್ಟು ಮಾತಾಡಿದರೆ ಯಾರು ಕೇಳುತ್ತಾರೆ?

ತಾಯಿ ಮರಿಯಮ್ಮ ಕನ್ಯೆ, ಪವಿತ್ರಳು ಅಂತ ಪಾದ್ರಿ ಹೇಳಿದ. "ಬೇಶಕ್" ಅಂದ ಮುಲ್ಲಾ. ಇಬ್ಬರೂ ಮೊದಲ ಸಲ ಪೂರಾ ಕೂಡಿದರು. ನಾನು ಉಸ್ಸಂತ ಬೆವರು ಒರೆಸಿಕೊಂಡೆ.

"ಬಾಣಂತನ ಎಲ್ಲಿ ಆತು?" ಅಂತ ಜೋಗತಿ ಕೇಳಿದಳು. ಅಲ್ಲಿಗೆ ಮತ್ತೆ ಕೆಟ್ಟಿತು.

"ದನದ ಕೊಟ್ಟಿಗೆಯಲ್ಲಿ" ಅಂದ ಪಾದ್ರಿ.

"ಖರ್ಜೂರದ ಗಿಡದ ಬುಡಕ" ಅಂದ ಮುಲ್ಲಾ. "ಆಕಿ ಒಬ್ಬಾಕೀನs ಇದ್ಲು. ಗಿಡಾ ಅಳಗ್ಯಾಡಿಸಿದ್ರ ಹಣ್ಣಾದ ಖರ್ಜೂರ ಉದರಿದವು."

"ಪಾದ್ರಿ, ನಿಮ್ಮ ಕೊಟ್ಟಿಗ್ಯಾಗ ಯಾರ್ಯಾರು ಬಂದಿದ್ರು?" ಅಂದಳು ಜೋಗತಿ.

"ಕುರುಬರು ಬಂದಿದ್ದರು."

"ಹಂಗಾರ ಕಂಬಳಿ ಸಿಕ್ಕಿರತೈತಿ, ಚಲೋ ಆತು. ಮತ್ತ?"

"ದೂರ ದೇಶದಿಂದ ಜ್ಞಾನಿಗಳು ಬಂದರು. ಬಂಗಾರ ತಂದರು, ಧೂಪ ತಂದರು..." ಮೂರನೆಯದಕ್ಕೆ ನನಗೆ ಕನ್ನಡ ಗೊತ್ತಿರಲಿಲ್ಲ. ಏನದು ಅಂತ ಪಾದ್ರಿಯನ್ನು ಕೇಳಿದೆ. ಗಿಡದಿಂದ ಒಸರಿ ಗಟ್ಟಿಯಾಗುವ ವಸ್ತು ಅಂದ. "ಒಂಥರಾ ಅಂಟು" ಅಂತ ದಾಟಿಸಿದೆ.

ಬಂಗಾರ ಅಂದಾಗ ಹಣೆ ಬಡಿದುಕೊಂಡಿದ್ದ ಜೋಗತಿ ಈಗ ಚಪ್ಪಾಳೆ ತಟ್ಟಿದಳು. "ಬಾಣಂತಿಗೆ ಬಂಗಾರ ಯಾಕ ಬೇಕು ಅಂತ ನಾ ಸಿಟ್ಟಾಗಿದ್ದೆ! ಅಂಟು ಇವರ ಕಡೇಲೆ ಐತಿ, ಖರ್ಜೂರ ಅವರ ಕಡೇಲೆ ಐತಿ. ಕೂಡಿಸಿದ್ರ ಬಾಣಂತಿಗೆ ಕೊಡೂ ಅಂಟಿನುಂಡಿ ಆತಲ್ಲ! ನೀವು ಇಬ್ಬರೂ ಅರ್ಧರ್ಧ ಹೇಳಾಕ ಹತ್ತೀರಿ, ಅದಕ್ಕs ಮಂದಿಗೆ ತಿಳಿಯಾಂಗಿಲ್ಲ."

ಪಾದ್ರಿಗೆ ಅಂಟಿನುಂಡಿ ಅಂದರೇನು ಅಂತ ತಿಳಿಸಿ ಹೇಳುವಷ್ಟರಲ್ಲಿ ಹೊತ್ತು ಇಳಿಯಿತು. ಜೋಗತಿ ಬುಟ್ಟಿ ತಲೆಗೇರಿಸಿಕೊಂಡು ಹತ್ತು ಹೆಜ್ಜೆ ಹೋದವಳು ತಿರುಗಿ ಬಂದಳು. ನನ್ನ ಕಿವಿಯ ಹತ್ತಿರ ಬಗ್ಗಿ, "ಮಾಸ್ತರ, ಬೆಲ್ಲಾ ಯಾರು ತಂದ್ರು, ಅಷ್ಟ ಕೇಳಿ ಇಡ್ರಿ" ಅಂದಳು.

ರಾಮದುರ್ಗದ ಹುಕುಂ

ರಾಮದುರ್ಗ ಸಂಸ್ಥಾನದ ಊರು. ಅಲ್ಲಿ ಉಪದೇಶ ಮಾಡಲು ಕಚೇರಿಯ ಪರವಾನಗಿ ಬೇಕು ಅಂತ ಯಾರೋ ಹೆದರಿಸಿದರು. ಹೋದೆವು. ಒಬ್ಬ ವಯಸ್ಸಾದ ಕಾರಕೂನ ಕನ್ನಡಕ ಮೂಗಿನ ತುದಿಗೆ ಇಳಿಸಿ, ಪಾದ್ರಿಯನ್ನೂ ಮುಲ್ಲಾನನ್ನೂ ನೋಡಿ, ಇದು ಎರಡು ಪಾರ್ಟಿಗಳ ತಕರಾರು ಅಂತ ತಾನೇ ತೀರ್ಮಾನ ಮಾಡಿಕೊಂಡ. ತಕರಾರು ಏನು ಅಂತ ಕೇಳಿದ್ದಕ್ಕೆ ನಾನು ಯೇಸುವಿನ ಶಿಲುಬೆಯ ಸುದ್ದಿ ಹೇಳಿದೆ.

"ಶಿಕ್ಷಾ ಜಾರೀ ಆಗೇತೋ ಇಲ್ಲೋ, ಅಷ್ಟ ಹೇಳ್ರಿ."

"ಆಗೇತಿ ಅಂತಾರ ಪಾದ್ರಿ" ಅಂದೆ.

"ಇಲ್ರಿ ಸಾಹೇಬರ" ಅಂದ ಮುಲ್ಲಾ. "ಈಸಾ ಅವರನ್ನ ಯಾರೂ ಕೊಂದಿಲ್ಲ. ಕೊಂದೇವಿ ಅಂತ ಮಂದೀಗೆ ಅನಸ್ತು, ಅಷ್ಟ. ಪಾದ್ರಿಗೆ ಹೇಳು ಮಾಸ್ತರ, ಮರಣ ಅವರನ್ನ ಮುಟ್ಟಲಿಲ್ಲ ಅಂತ."

ಪಾದ್ರಿ ಕಾತರದಿಂದ ನೋಡುತ್ತಿದ್ದ. "ಮರಣಕ್ಕೆ ಅವರ ಮೇಲೆ ಅಧಿಕಾರ ಇರಲಿಲ್ಲ ಅಂತಾನೆ ಮುಲ್ಲಾ" ಅಂದೆ. ಪಾದ್ರಿಯ ಕಣ್ಣಲ್ಲಿ ನೀರು ಬಂತು. ಕಚೇರಿಯಲ್ಲೇ ಮುಲ್ಲಾನ ಎರಡೂ ಕೈ ಹಿಡಿದುಕೊಂಡ. ಮುಲ್ಲಾನ ಕಣ್ಣಲ್ಲೂ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಆದರೆ ಅದು ಅಂಜಿಕೆಯದು.

"ಅಪರಾಧಿ ಹೌದೋ ಅಲ್ಲೋ?" ಕಾರಕೂನ ಬಿಡಲಿಲ್ಲ.

"ಅಲ್ಲ" ಅಂತ ಇಬ್ಬರೂ.

"ಈಗ ಜೀವಂತ?"

"ಹೌದು" ಅಂತ ಇಬ್ಬರೂ.

"ತಿರಗಿ ಬರವರು ಅದಾರೋ?"

"ಬಂದs ಬರತಾರ" ಅಂತ ಇಬ್ಬರೂ.

ಕಾರಕೂನ ಲೆಕ್ಕಣಿಕೆ ಅದ್ದಿ ಹುಕುಂ ಬರೆದು ಗಟ್ಟಿಯಾಗಿ ಓದಿದ: "ಸದರೀ ಘಟನೆ ಈ ಸಂಸ್ಥಾನದ ಹದ್ದಿನಲ್ಲಿ ನಡೆದದ್ದಲ್ಲ. ಸದರೀಯವರು ತಿರುಗಿ ಬರುವ ಕಾಲಕ್ಕೆ ರಾಮದುರ್ಗದ ಹದ್ದಿನಲ್ಲಿ ಇಳಿಯುವುದಾದರೆ, ಕಚೇರಿಗೆ ಎಂಟು ದಿನ ಮುಂಚಿತ ತಿಳಿಸತಕ್ಕದ್ದು."

ತಿರುಗಿ ಬೈಲಹೊಂಗಲ

ಊರಿಗೆ ಬರುವ ದಾರಿಯಲ್ಲಿ ಇಬ್ಬರೂ ಭಾಳ ಪ್ರೀತಿಯಿಂದ ಇದ್ದರು. ಮುಲ್ಲಾ ಕೊಟ್ಟ ರೊಟ್ಟಿ ಪಾದ್ರಿ ತಿಂದ, ಪಾದ್ರಿ ಕೊಟ್ಟ ಬಿಸ್ಕೀಟು ಮುಲ್ಲಾ ತಿಂದ. ನಾನು ನನ್ನ ಪಾಲಿನ ರೊಟ್ಟಿಯನ್ನು ಎತ್ತಿಗೆ ತಿನ್ನಿಸಿದೆ.

ಶುಕ್ರವಾರ ಮುಂಜಾನೆ ನಮ್ಮ ಕಟ್ಟೆಯ ಮೇಲೆ ಕುಳಿತು ಅಂಬಲಿ ಕುಡಿಯುತ್ತಿದ್ದೆ. ಬಲಗಡೆಯಿಂದ ಪಾದ್ರಿ ಬಂದ, ಕೈಯಲ್ಲಿ ಹೊಸ ಬಿಳಿ ಧೋತರ. ಎಡಗಡೆಯಿಂದ ಮುಲ್ಲಾ ಬಂದ, ಕೈಯಲ್ಲಿ ಹೊಸ ಟೊಪ್ಪಿಗೆ. ನಾನು ಅಂಬಲಿ ಕೆಳಗಿಟ್ಟು ಎದ್ದು ನಿಂತೆ.

ಪಾದ್ರಿ ಧೋತರವನ್ನು ಮುಲ್ಲಾನ ಕೈಗೆ ಇಟ್ಟು ನನಗೆ ಹೇಳಿದ, ಮಲಪ್ರಭೆಗೆ ಹೋಗಿ ಇವನಿಗೆ ಯಾವತ್ತು ದೀಕ್ಷಾಸ್ನಾನ ಮಾಡಿಸೋಣ, ಕೇಳು ಅಂತ.

"ಸ್ನಾನಕ್ಕ ಹೋಗೂಣು ಅಂತಾರ" ಅಂದೆ.

"ನಾ ಮುಂಜಾನೆನs ಮಾಡೇನಲ್ಲ" ಅಂದ ಮುಲ್ಲಾ. ಮುಗುಳ್ನಗುತ್ತ ಟೊಪ್ಪಿಗೆಯನ್ನು ಪಾದ್ರಿಯ ತಲೆಗೆ ಇಟ್ಟ. ಪಾದ್ರಿಗೆ ಅದು ಕಾಣಿಕೆ ಅನಿಸಿತು. ಸರಿ ಮಾಡಿಕೊಂಡು ಇನ್ನೂ ಗಟ್ಟಿಯಾಗಿ ಕೂಡಿಸಿಕೊಂಡ. ಮುಲ್ಲಾ ನನ್ನ ಕಡೆ ತಿರುಗಿದ. "ಇವತ್ತ ಜುಮ್ಮಾ. ಇವರನ್ನ ಮಸೂತಿಗೆ ಕರಕೊಂಡು ಹೋಗಿ ಕಲಿಮಾ ಓದಿಸಿ ನಮ್ಮ ಧರ್ಮಕ್ಕ ತಗೋತೇನಿ. ಹೇಳು ಬೇಟಾ."

ಇನ್ನು ನುಂಗಲು ಅರ್ಧವೂ ಉಳಿದಿರಲಿಲ್ಲ. ಒಳಗಿನಿಂದ ಅವ್ವ ಬಂದಳು, ಗೋಡೆಯಾಚೆಯಿಂದ ಚಾಚಿ ಇಣುಕಿದಳು. ನಾನು ಕಣ್ಣು ಮುಚ್ಚಿಕೊಂಡು ಕಿತ್ತೂರಿನಿಂದ ಹಿಡಿದು ರಾಮದುರ್ಗದ ತನಕ ನುಂಗಿದ್ದನ್ನೆಲ್ಲ ಕನ್ನಡದಲ್ಲಿ ಒಮ್ಮೆ, ಇಂಗ್ರಜಿಯಲ್ಲಿ ಒಮ್ಮೆ ಕಾರಿಕೊಂಡೆ.

ಪಾದ್ರಿ ಟೊಪ್ಪಿಗೆ ತೆಗೆದ. ಮುಲ್ಲಾ ಧೋತರ ಮಡಚಿದ. ಇಬ್ಬರೂ ತಂತಮ್ಮ ವಸ್ತುವನ್ನು ತಿರುಗಿ ತೆಗೆದುಕೊಂಡರು. ಇಬ್ಬರೂ ನನ್ನನ್ನು ನೋಡಿದರು. ನನ್ನ ಅನ್ನವೂ ಹೋಯಿತು, ಚಾಚಿಯ ಮನೆಯೂ ಹೋಯಿತು ಅಂತ ಅನಿಸಿ ನಿಜಕ್ಕೂ ಅಳು ಬಂತು.

ಮೊದಲು ಮುಲ್ಲಾ ಬಾಯಿ ಬಿಟ್ಟ. "ಈ ಸಲ ಒಂದು ಮಾತೂ ನುಂಗಬ್ಯಾಡ. ಈಸಾ ಅವರ ವಿಷಯದಾಗ ನಿಮ್ಮದೂ ನಮ್ಮದೂ ಕೂಡಾಂಗಿಲ್ಲ, ಖರೇ ಈ ಮಾಸ್ತರನ ವಿಷಯದಾಗ ನೀವೇನಂತೀರಿ, ಅಂತ ಕೇಳು."

ಕೇಳಿದೆ. ಪಾದ್ರಿ ಹೇಳಿದ. ನಾನು ತಲೆ ತಗ್ಗಿಸಿ ಅಕ್ಷರ ಬಿಡದೆ ದಾಟಿಸಿದೆ: "ಇಷ್ಟ ದೊಡ್ಡ ಅಂಜಬುರುಕನ್ನ, ಇಷ್ಟ ದೊಡ್ಡ ಸುಳ್ಳಗಾರನ್ನ ನಾ ಸಮುದ್ರದ ಆಚೀಕೂ ಕಂಡಿಲ್ಲ, ಈಚೀಕೂ ಕಂಡಿಲ್ಲ ಅಂತಾರ. ಆದ್ರ ನನಗ ಕನ್ನಡ ಬರೂತನಕ ಇಂವಾ ನಾಳಿಂದ ಹೊತ್ತಿಗೆ ಸರಿಯಾಗಿ ಬರಲಿ ಅಂತಾರ."

ಮುಲ್ಲಾ ಗೋಡೆಯ ಕಡೆ ನೋಡಿದ. ಚಾಚಿ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದಳು.

"ಆಕಿ ಕೊಟ್ಟ ಹಾಲು ತಿರಗಿ ಕೇಳಾಕ ಬರಾಂಗಿಲ್ಲ" ಅಂದ ಮುಲ್ಲಾ. "ನಮ್ಮ ಮನೀಗೂ ಬರಲಿ. ಆದ್ರ ಪಾದ್ರಿ ಇವನ ಬಗ್ಗೆ ಹೇಳಿದ್ದು ಅಕ್ಷರಾ ಅಕ್ಷರಾ ಖರೇ. ಆಮೀನ್!"

ಅದನ್ನು ಇಂಗ್ರಜಿಗೆ ದಾಟಿಸಲು ನಾನು ಬಾಯಿ ತೆರೆದೆ. ಪಾದ್ರಿ ಕೈ ಎತ್ತಿ ನನ್ನನ್ನು ತಡೆದು, ಮುಲ್ಲಾನ ಕಡೆ ತಿರುಗಿ, ತಾನೇ ಗಟ್ಟಿಯಾಗಿ ಹೇಳಿದ:

"ಆಮೆನ್!"